ಕಳಿಯದ ಗೊಬ್ಬರದ ಕಥೆ

ಹಾಸನ ಸೀಮೆಯ ಶೆಟ್ಟಿಹಳ್ಳಿಯಂಥ ಊರುಗಳಲ್ಲಿ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ ಎಲ್ಲವೂ ತಿಪ್ಪೆ ಸೇರಿ, ತಿಂಗಳುಗಟ್ಟಲೆ ಕಳಿತು, ಮಳೆಗಾಲದ ಹೊತ್ತಿಗೆ ರಾಗಿ ಹೊಲಕ್ಕೆ ಹೋಗುವುದು ರೂಢಿ. ತಿಪ್ಪೆ ಎಂದರೆ ಬರೀ ಕಸದ ರಾಶಿಯಲ್ಲ. ಅದೊಂದು ಕಾಯುವ ಪದ್ಧತಿ.

ಕಾಯದಿದ್ದರೆ ಏನಾಗುತ್ತದೆ ಎಂಬುದನ್ನು ನಗರದ ಮನೆಗಳ ಮುಂದಿನ ಹುಲ್ಲುಹಾಸು ತೋರಿಸುತ್ತದೆ. ಸಾವಯವ ತಾನೇ ಎಂದು ಹಸಿ ಗೊಬ್ಬರ ಹರಡಿದರೆ ನಾತ, ನೊಣ ಮೊದಲು ಬರುತ್ತವೆ. ಆಮೇಲೆ ಸಗಣಿಯಲ್ಲಿ ಉಳಿದಿದ್ದ ಕಳೆಬೀಜ ಮೊಳೆಯುತ್ತದೆ, ಗೊಣ್ಣೆಹುಳು ಬೇರು ಕಡಿಯುತ್ತದೆ. ಕಳಿಯದ ಹುಲ್ಲುಕಡ್ಡಿಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ, ಗೊಬ್ಬರ ಹಾಕಿದ ಮೇಲೂ ಹುಲ್ಲು ಹಳದಿಯಾಗುತ್ತದೆ.

ಈ ತಲೆನೋವು ಹೊಸದಲ್ಲ. ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ರೂಪಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ವಿಧಾನದಲ್ಲಿ ರಾಶಿಯನ್ನು ಆಗಾಗ ತಿರುವಿ ಗಾಳಿಯಾಡಿಸಬೇಕು. ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಆದರೆ ಪಟ್ಟಣದ ಕಸ ಮತ್ತು ಮಲವನ್ನು ಹಾಗೆ ತಿರುವುತ್ತ ಕೂರುವುದು ಸುಲಭವಲ್ಲ.

ಇದಕ್ಕೆ ಉತ್ತರ 1939ರ ಸುಮಾರಿಗೆ ಬೆಂಗಳೂರಿನಲ್ಲಿ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರ ಹೆಸರಿನೊಂದಿಗೆ ಸೇರಿಕೊಂಡ ಅದನ್ನು ಇಂದಿಗೂ 'ಬೆಂಗಳೂರು ವಿಧಾನ' ಎನ್ನುತ್ತಾರೆ. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಒಂದು ಪದರ ಕಸ, ಒಂದು ಪದರ ಮಲ ಹಾಕುತ್ತ ಬಂದು, ಮೇಲೆ ಮಣ್ಣು ಮುಚ್ಚುವುದು. ಮೊದಲ 8-10 ದಿನ ಒಳಗೆ ಕಾವೇರುತ್ತದೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿಯುತ್ತದೆ. ತಿರುವಬೇಕಿಲ್ಲ, ನೊಣದ ಕಾಟ ಕಡಿಮೆ, ಸಾರವೂ ಹೆಚ್ಚು ಉಳಿಯುತ್ತದೆ. ಬೆಲೆ ಒಂದೇ: 6ರಿಂದ 8 ತಿಂಗಳು ಕಾಯಬೇಕು.

ಆದರೆ ಆ ಮಲವನ್ನು ಗುಂಡಿಯವರೆಗೆ ತಂದವರು ಯಾರು? ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ದೂಡಲ್ಪಟ್ಟ ಜನ. ಗುಂಡಿ ಊರಿನ ಮೂಗನ್ನು ಕಾಪಾಡಿತು, ಹೊತ್ತವರ ತಲೆಯನ್ನಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ದೇಶಕ್ಕೆ ಅದಕ್ಕಾಗಿ ಕಾನೂನು ಬಂದದ್ದು 1993ರಲ್ಲಿ. ಸಾಲದೆಂದು 2013ರಲ್ಲಿ ಇನ್ನೊಂದು. ಗೊಬ್ಬರದ ಚರಿತ್ರೆ ಬರೆಯುವಾಗ ವಿಜ್ಞಾನಿಗಳ ಹೆಸರು ಸಿಗುತ್ತದೆ, ಹೊತ್ತವರದು ಸಿಗುವುದಿಲ್ಲ.

ಹುಲ್ಲುಹಾಸು ಕೆಟ್ಟವರಿಗೂ ಈ ಚರಿತ್ರೆ ಹೇಳುವುದು ಸರಳ. ಹಸಿ ಗೊಬ್ಬರವನ್ನು ಬಳಿದು ತೆಗೆದು, ಮಣ್ಣು ಮುಚ್ಚಿ ಕಳಿಯಲು ಬಿಡಿ. ಕಪ್ಪಗಾಗಿ, ಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದ ಮೇಲೆ ಜರಡಿ ಹಿಡಿದು ತೆಳ್ಳಗೆ ಹರಡಿ, ನೀರು ಹಾಯಿಸಿ. ಯಾವುದೇ ಗೊಬ್ಬರ ನಾತ ಬಿಟ್ಟು ಮಣ್ಣಾಗುವುದಕ್ಕೆ ಕಾಲ ಬೇಕು, ಕೈಗಳೂ ಬೇಕು. ಚೀಲದ ಮೇಲಿನ 'ಸಾವಯವ' ಎಂಬ ಪದ ಇವೆರಡರ ಲೆಕ್ಕವನ್ನೂ ಕೊಡುವುದಿಲ್ಲ.