ಬ್ಯಾರಕ್ 27ರ ಕಛೇರಿ

ನಮ್ಮಲ್ಲಿ ಸಂಕ್ರಾಂತಿಯ ಎಳ್ಳು-ಬೆಲ್ಲ ಇನ್ನೂ ಡಬ್ಬಿಯಲ್ಲಿ ಮಿಕ್ಕಿರುವ ಹೊತ್ತಿಗೆ, ಅಂದರೆ ಜನವರಿ 15ರಂದು, ಪೋಲೆಂಡಿನ ಗಡಿಯ ಒಂದು ಊರಿನ ಅಂಚಿನಲ್ಲಿ ವರ್ಷವರ್ಷವೂ ಒಂದು ಕಛೇರಿ ನಡೆಯುತ್ತದೆ. ಊರಿನ ಹೆಸರು ಜ್ಗೋಜೆಲೆಟ್ಸ್. (ಒಂದೇ ಉಸಿರಿಗೆ ಹೇಳಿ ನೋಡೋಣ :-) ) ನೈಸೆ ಹೊಳೆಯ ಆಚೆ ದಡಕ್ಕೆ ಜರ್ಮನಿಯ ಗೋರ್ಲಿಟ್ಸ್. 1945ರವರೆಗೆ ಇವೆರಡೂ ಸೇರಿ ಒಂದೇ ಊರು, ಪೂರ್ತಿ ಜರ್ಮನಿಯದು. ಯುದ್ಧ ಮುಗಿದ ಮೇಲೆ ಗಡಿ ಹೊಳೆಗೆ ಬಂತು, ಊರು ಎರಡಾಯಿತು.

ಕಛೇರಿಯಲ್ಲಿ ನುಡಿಸುವುದು ಒಂದೇ ಒಂದು ಫ್ರೆಂಚ್ ಕೃತಿ. ನಾಲ್ಕೇ ವಾದ್ಯ: ಪಿಯಾನೋ, ವಯಲಿನ್, ಚೆಲ್ಲೋ, ಕ್ಲಾರಿನೆಟ್. ಈಗ ಅದರ ಸುತ್ತ 'ಅಂತರರಾಷ್ಟ್ರೀಯ ಮೆಸಿಯಾನ್ ದಿನಗಳು' ಅಂತ ಎರಡೂ ದಡದವರು ಸೇರಿ ಮಾಡುವ ಒಂದು ಉತ್ಸವವೇ ಬೆಳೆದಿದೆ. ಜರ್ಮನಿ-ಪೋಲೆಂಡ್ ಗಡಿಯಲ್ಲಿ ಫ್ರೆಂಚ್ ಸಂಗೀತದ ಉತ್ಸವ ಯಾಕಪ್ಪಾ ಅಂತ ಹುಡುಕಿಕೊಂಡು ಹೋದರೆ ಸಿಗುವ ಕತೆ ಇದು.

ಅದಕ್ಕೂ ಮುಂಚೆ ಒಂದು ಮಾತು. ಇಂಥ ಸಂಗೀತಕ್ಕೆ ಪಶ್ಚಿಮದವರು ಚೇಂಬರ್ ಮ್ಯೂಸಿಕ್ ಅನ್ನುತ್ತಾರೆ, ಹೆಸರೇ ಹೇಳುವಂತೆ ಕೋಣೆಯ ಸಂಗೀತ. ನೂರು ಜನರ ಆರ್ಕೆಸ್ಟ್ರಾ ಇಲ್ಲ, ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಇಲ್ಲ. ಮೂರೋ ನಾಲ್ಕೋ ಜನ ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸುವುದು. ರಾಮನವಮಿಯ ಪೆಂಡಾಲಲ್ಲ, ಯಾರದೋ ಮನೆಯ ಹಜಾರದಲ್ಲಿ ಜಮಖಾನೆ ಹಾಸಿ ಕೂತ ಕಛೇರಿ. ಇದು ನೆನಪಿರಲಿ, ಕೋಣೆ ಎಷ್ಟು ದೊಡ್ಡದಿತ್ತು ಅನ್ನುವುದೇ ಮುಂದೆ ಜಗಳದ ವಿಷಯ ಆಗುತ್ತದೆ.

ಒಲಿವಿಯೇ ಮೆಸಿಯಾನ್ 1908ರಲ್ಲಿ ಹುಟ್ಟಿದವನು. ಪ್ಯಾರಿಸ್ಸಿನ ಟ್ರಿನಿಟಿ ಚರ್ಚಿನಲ್ಲಿ 1931ರಿಂದ ಆರ್ಗನ್ ವಾದಕ. ಕಟ್ಟಾ ಕ್ಯಾಥಲಿಕ್, ಹಕ್ಕಿಗಳ ಹುಚ್ಚು, ಕಣ್ಣು ಮಂದ. 1939ರಲ್ಲಿ ಯುದ್ಧ ಶುರುವಾದಾಗ ಕಣ್ಣಿನ ದೆಸೆಯಿಂದ ಬಂದೂಕು ಕೊಡದೆ ವೈದ್ಯಕೀಯ ದಳಕ್ಕೆ ಹಾಕಿದರು. ವೆರ್ದಾಂ ಹತ್ತಿರ ಅವನಿಗೆ ಇಬ್ಬರು ಜೊತೆಯಾದರು. ಒಬ್ಬ ಚೆಲ್ಲೋ ವಾದಕ ಎತಿಯೆನ್ ಪಾಸ್ಕಿಯೇ, ಅಣ್ಣತಮ್ಮಂದಿರ 'ಪಾಸ್ಕಿಯೇ ಟ್ರಿಯೋ'ದಿಂದ ಆಗಲೇ ಹೆಸರು ಮಾಡಿದ್ದವನು. ಇನ್ನೊಬ್ಬ ಆನ್ರಿ ಅಕೋಕಾ, ಅಲ್ಜೀರಿಯಾ ಮೂಲದ ಯೆಹೂದಿ, ರೇಡಿಯೋ ಆರ್ಕೆಸ್ಟ್ರಾದ ಕ್ಲಾರಿನೆಟ್ ವಾದಕ. ಮೆಸಿಯಾನ್ ದೇವರೇ ದಿಕ್ಕು ಅನ್ನುವವನು, ಅಕೋಕಾ ಟ್ರಾಟ್ಸ್ಕಿವಾದಿ! ಇಬ್ಬರಿಗೂ ಹೇಗೋ ಸ್ನೇಹ ಕುದುರಿತು.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು, ಮೂವರೂ ಸೆರೆ ಸಿಕ್ಕರು. ನಾನ್ಸಿ ಹತ್ತಿರ ಬಯಲಿನಲ್ಲಿ ಕೂಡಿಹಾಕಿದ್ದಾಗ, ಅಕೋಕಾನಿಗೆಂದೇ ಮೆಸಿಯಾನ್ ಬರೆದಿದ್ದ ಒಂಟಿ ಕ್ಲಾರಿನೆಟ್ಟಿನ ತುಣುಕೊಂದನ್ನು ಅವನು ಮೊದಲ ಸಲ ನುಡಿಸಿ ನೋಡಿದ. ಸ್ಟ್ಯಾಂಡ್ ಎಲ್ಲಿಂದ ಬರಬೇಕು? ಪಾಸ್ಕಿಯೇ ಹಾಳೆ ಹಿಡಿದುಕೊಂಡು ಸ್ಟ್ಯಾಂಡಿನ ಹಾಗೆ ನಿಂತ. ಇದು ನುಡಿಸಲಿಕ್ಕೇ ಆಗದ್ದು ಅಂತ ಅಕೋಕಾ ಗೊಣಗಿದನಂತೆ. ಆ ತುಣುಕೇ ಮುಂದೆ ಕೃತಿಯ ಮೂರನೇ ಭಾಗ 'ಹಕ್ಕಿಗಳ ಪ್ರಪಾತ' ಆಯಿತು.

ಅಲ್ಲಿಂದ ರೈಲಿನಲ್ಲಿ ತುಂಬಿ ತಂದು ಇಳಿಸಿದ್ದು ಗೋರ್ಲಿಟ್ಸಿನ ಶ್ಟಾಲಾಗ್ 8ಎ ಶಿಬಿರಕ್ಕೆ. ಶಿಬಿರ 1939ರಲ್ಲಿ ಪೋಲಿಷ್ ಸೈನಿಕರಿಗಾಗಿ ಶುರುವಾದದ್ದು. ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಇದು ಯುದ್ಧಕೈದಿಗಳ ಶಿಬಿರ, ಆಶ್‌ವಿಟ್ಸ್ ಥರದ್ದಲ್ಲ. ಅಂತರಜಾಲದಲ್ಲಿ ಎಷ್ಟೋ ಕಡೆ ಎರಡನ್ನೂ ಕಲಸಿ ಬರೆದಿದ್ದಾರೆ. ಹಸಿವು, ಚಳಿ, ಹೇನು ಎಲ್ಲಾ ಇತ್ತು. ಆದರೆ ಫ್ರೆಂಚ್ ಕೈದಿಗಳಿಗೆ ಗ್ರಂಥಾಲಯ, ನಾಟಕ, ವಾದ್ಯಗೋಷ್ಠಿ ಕೂಡಾ ಇತ್ತು. ನಮ್ಮ ಕೈದಿಗಳು ಎಷ್ಟು ಚೆನ್ನಾಗಿದ್ದಾರೆ ನೋಡಿ ಅಂತ ತೋರಿಸಿಕೊಳ್ಳುವುದು ಜರ್ಮನರಿಗೂ ಬೇಕಿತ್ತು. 1941ರ ಬೇಸಿಗೆಯ ನಂತರ ಅದೇ ಶಿಬಿರಕ್ಕೆ ಬಂದ ಸೋವಿಯತ್ ಕೈದಿಗಳಿಗೆ ಇದ್ಯಾವುದೂ ಇರಲಿಲ್ಲ. ಅವರು ಸಾವಿರಗಟ್ಟಲೆ ಸತ್ತರು, ಅದೇ ಮಣ್ಣಿನಲ್ಲಿದ್ದಾರೆ. ಈ ಕೃತಿಯ ಬಗ್ಗೆ ಬರೆಯುವವರು ಬಹಳ ಸಲ ಈ ಸಾಲನ್ನು ಬಿಟ್ಟುಬಿಡುತ್ತಾರೆ.

ಪಾಸ್ಕಿಯೇಯನ್ನು ಮೊದಲು ಕಲ್ಲು ಗಣಿಗೆ ಹಾಕಿದ್ದರು. ಆಮೇಲೆ ಹೆಸರಾಂತ ಸಂಗೀತಗಾರ ಅಂತ ಗೊತ್ತಾಗಿ ಅಡುಗೆಮನೆಗೆ ಬದಲಾಯಿಸಿದರು. ಅಲ್ಲಿಂದ ಅವನು ಗೆಳೆಯರಿಗೆ ಒಂದಿಷ್ಟು ಹೆಚ್ಚಿಗೆ ತಿನ್ನಲು ದಾಟಿಸುತ್ತಿದ್ದ. ನಾಲ್ಕನೆಯವನು, ವಯಲಿನ್ನಿನ ಜಾನ್ ಲ ಬುಲೇರ್, ಶಿಬಿರದಲ್ಲೇ ಸಿಕ್ಕವನು. ಚೆಲ್ಲೋ ಇರಲಿಲ್ಲ. ಕೈದಿಗಳು ತಮ್ಮತಮ್ಮಲ್ಲೇ ಚಂದಾ ಎತ್ತಿ 65 ಮಾರ್ಕ್ ಕೂಡಿಸಿದರು. ಪಾಸ್ಕಿಯೇ ಕಾವಲಿನವರ ಜೊತೆ ಊರೊಳಗಿನ ಅಂಗಡಿಗೆ ಹೋಗಿ ಒಂದು ಚೆಲ್ಲೋ, ಒಂದು ಕಮಾನು ಕೊಂಡು ತಂದ. ಆ ಸಂಜೆ ಅವನನ್ನು ಯಾರೂ ಮಲಗಲು ಬಿಡಲಿಲ್ಲವಂತೆ, ನುಡಿಸು ನುಡಿಸು ಅಂತ. ಪಿಯಾನೋ ಇನ್ನೂ ಬಂದಿರಲಿಲ್ಲ. ಹಾಗಾಗಿ ಶಿಬಿರದಲ್ಲಿ ಮೊದಲು ಬರೆದದ್ದು ಪಿಯಾನೋ ಇಲ್ಲದ ಸಣ್ಣ 'ಇಂಟರ್‌ಮೀಡ್'. ಮೂವರೂ ಅದನ್ನು ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದರು.

ಇನ್ನು ಬರೆಯಲು ಕಾಗದ? ಇಲ್ಲಿ ಕತೆಗೆ ಬರುವವನು ಕಾರ್ಲ್-ಆಲ್ಬರ್ಟ್ ಬ್ರೂಲ್. ಜರ್ಮನ್ ಕಾವಲುಗಾರ, ಯುದ್ಧಕ್ಕೆ ಮೊದಲು ವಕೀಲ, ಫ್ರೆಂಚ್ ಬಲ್ಲವನು, ನಾಜಿಗಳನ್ನು ಕಂಡರಾಗದವನು. ಮೆಸಿಯಾನನಿಗೆ ಸ್ವರ ಬರೆಯುವ ಕಾಗದ, ಪೆನ್ಸಿಲು, ರಬ್ಬರು ತಂದುಕೊಟ್ಟ. ಯಾರೂ ತೊಂದರೆ ಮಾಡದ ಹಾಗೆ ಒಂದು ಜಾಗ ಮಾಡಿಕೊಟ್ಟ. ತಪ್ಪಿಸಿಕೊಳ್ಳಬೇಡಿ, ಸದ್ಯಕ್ಕೆ ನಿಮಗೆ ಫ್ರಾನ್ಸಿಗಿಂತ ಈ ಶಿಬಿರವೇ ವಾಸಿ ಅಂತ ಯೆಹೂದಿ ಕೈದಿಗಳಿಗೆ ಹೇಳುತ್ತಿದ್ದನಂತೆ.

ಹೀಗೆ ಹುಟ್ಟಿದ್ದು 'ಕಾಲದ ಅಂತ್ಯಕ್ಕೊಂದು ಕ್ವಾರ್ಟೆಟ್'. ಎಂಟು ಭಾಗ, ಹೆಚ್ಚುಕಡಿಮೆ 50 ನಿಮಿಷ. ಇನ್ನು ಕಾಲವೇ ಇರುವುದಿಲ್ಲ ಅಂತ ಬೈಬಲಿನ ಕೊನೆಯ ಪುಸ್ತಕದಲ್ಲಿ ದೇವದೂತನೊಬ್ಬ ಸಾರುತ್ತಾನಲ್ಲ, ಹೆಸರು ಅಲ್ಲಿಂದ ಬಂದದ್ದು. ಕೈದಿಗೆ ಕಾಲ ಮುಗಿದರೆ ಸಾಕು ಅನ್ನಿಸುವುದು ಸಹಜ ಅಂತ ನಮಗನ್ನಿಸಬಹುದು. ಮೆಸಿಯಾನ್ ಅದನ್ನು ಒಪ್ಪುತ್ತಿರಲಿಲ್ಲ. ಅವನಿಗೆ ಅಂತ್ಯ ಅಂದರೆ ಒಂದೇ ಅಳತೆಯ ತಟ್ಟು, ಒಂದು-ಎರಡು-ಮೂರು-ನಾಲ್ಕು ಅನ್ನುವ ಎಣಿಕೆ ಮುಗಿಯುವುದೂ ಹೌದು. ಇದನ್ನು ವಿವರಿಸಲು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ನಮಗೆ 'ಲಯ' ಅನ್ನುವ ಒಂದು ಪದ ಸಾಕು. ತಾಳದ ಲಯವೂ ಅದೇ, ಸೃಷ್ಟಿ-ಸ್ಥಿತಿ-ಲಯದ ಲಯವೂ ಅದೇ.

ಸುಮ್ಮನೆ ಪದ ಆಡುತ್ತಿದ್ದೇನೆ ಅಂದುಕೊಳ್ಳಬೇಡಿ, ಇಲ್ಲಿ ನಿಜವಾದ ನಂಟೇ ಇದೆ. ಮೊದಲ ಭಾಗದಲ್ಲಿ ಪಿಯಾನೋದ ನಡೆಯನ್ನು ಮೂರು ತಾಳ ಪೋಣಿಸಿ ಮಾಡಲಾಗಿದೆ: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಹೌದು, ಶಾರ್ಙ್ಗದೇವನ ಸಂಗೀತರತ್ನಾಕರದ 120 ದೇಶೀತಾಳಗಳ ಪಟ್ಟಿಯಿಂದಲೇ! 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿ ಬರೆದ ಗ್ರಂಥ ಅದು. ಸುಮಾರು ಎರಡು ಶತಮಾನ ಕಳೆದು ವಿಜಯನಗರದಲ್ಲಿ ಕಲ್ಲಿನಾಥ ಅದಕ್ಕೆ 'ಕಲಾನಿಧಿ' ಅಂತ ವ್ಯಾಖ್ಯಾನ ಬರೆದ. ಮೆಸಿಯಾನನಿಗೆ ಈ ಪಟ್ಟಿ ಸಿಕ್ಕಿದ್ದು ಲಾವಿನ್ಯಾಕ್ ಸಂಪಾದಿಸಿದ ಫ್ರೆಂಚ್ ಸಂಗೀತ ವಿಶ್ವಕೋಶದಲ್ಲಿ. ಅವನು ಮೃದಂಗದವರ ಎದುರು ಕೂತು ಕಲಿತವನಲ್ಲ. ಹಾಗಾಗಿ ಅವನ ಕೈಯಲ್ಲಿ ಆವರ್ತವೂ ಇಲ್ಲ, ಸಮಕ್ಕೆ ಬಂದು ಸೇರುವ ಸುಖವೂ ಇಲ್ಲ, ಬರೀ ಗಿಡ್ಡ-ಉದ್ದ ಮಾತ್ರೆಗಳ ಸಾಲು. ನಮ್ಮ ವಿದ್ವಾಂಸರು ಕೇಳಿದರೆ ಇದ್ಯಾವ ತಾಳ ಸ್ವಾಮಿ ಅಂದಾರು. ನನಗೆ ಮಾತ್ರ ಏಳು ಶತಮಾನ ಹಳೆಯ ದೇವಗಿರಿಯ ಪಟ್ಟಿಯೊಂದು ಗೋರ್ಲಿಟ್ಸಿನ ಹಿಮದಲ್ಲಿ ಕೆಲಸಕ್ಕೆ ಬಂತಲ್ಲ ಅಂತ ಖುಷಿ.

ನಮ್ಮಂಥ ಕೋಡು ಬರೆಯುವವರಿಗೆ ಇನ್ನೂ ಮಜಾ ಇದೆ. ಆ ಮೂರು ತಾಳ ಸೇರಿದರೆ 17 ಮಾತ್ರೆಬೆಲೆಗಳು. ಅದರ ಮೇಲೆ ಕೂರುವ ಸ್ವರಗುಚ್ಛಗಳು 29. ಎರಡೂ ತಮ್ಮಪಾಡಿಗೆ ಸುತ್ತುತ್ತವೆ, ಎರಡು ಲೂಪುಗಳ ಹಾಗೆ. 17, 29 ಎರಡೂ ಅವಿಭಾಜ್ಯ. ಹಾಗಾಗಿ ಮತ್ತೆ ಶುರುವಿನ ಜಾಗದಲ್ಲಿ ಎರಡೂ ಸೇರಬೇಕಾದರೆ 17 ಗುಣಿಸು 29, ಅಂದರೆ 493 ಗುಚ್ಛ ಮುಗಿಯಬೇಕು. ಆ ಭಾಗ ಅದಕ್ಕೂ ಎಷ್ಟೋ ಮುಂಚೆ ನಿಂತುಹೋಗುತ್ತದೆ. ನಮಗೆ ಕೇಳುವುದು ದೊಡ್ಡ ಚಕ್ರದ ಒಂದು ತುಂಡು ಮಾತ್ರ, ಉಳಿದದ್ದು ಎಲ್ಲೋ ನಮಗೆ ಕೇಳದ ಹಾಗೆ ತಿರುಗುತ್ತಲೇ ಇದೆ ಅನ್ನಿಸುತ್ತದೆ. ಕಾಲದ ಅಂತ್ಯವನ್ನು ಇಷ್ಟು ಸರಳ ಗಣಿತದಲ್ಲಿ ಹೇಳಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

1941ರ ಜನವರಿ 15ರ ಸಂಜೆ, ಶಿಬಿರದ ನಾಟಕಶಾಲೆಯಾಗಿದ್ದ ಬ್ಯಾರಕ್ 27ರಲ್ಲಿ ಮೊದಲ ಪ್ರದರ್ಶನ. ಹೊರಗೆ ಹಿಮ. ಮುಂದಿನ ಸಾಲಿನಲ್ಲಿ ಜರ್ಮನ್ ಅಧಿಕಾರಿಗಳು, ಹಿಂದೆ ಕೈದಿಗಳು. ಒತ್ತಿದ ಕೀಲಿ ಮೇಲಕ್ಕೇ ಏಳದ, ಶ್ರುತಿ ಕೆಟ್ಟ ಪಿಯಾನೋ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಿಸುಕಲಿಲ್ಲವಂತೆ.

ಮುಂದೆ ಮೆಸಿಯಾನ್ ಈ ಕತೆಯನ್ನು ಹೇಳುವಾಗ ಕೇಳುಗರು 5,000 ಜನ ಎಂದ. ಪಾಸ್ಕಿಯೇಯ ಚೆಲ್ಲೋಗೆ ಮೂರೇ ತಂತಿ ಇತ್ತು ಎಂದ. ಎಷ್ಟೋ ರೆಕಾರ್ಡಿನ ಹೊದಿಕೆಯ ಮೇಲೆ ಹಾಗೇ ಅಚ್ಚಾಯಿತು. ಅಮೆರಿಕದ ಕ್ಲಾರಿನೆಟ್ ವಾದಕಿ ರೆಬೆಕ್ಕಾ ರಿಶಿನ್ 1990ರ ದಶಕದಲ್ಲಿ ಮುದುಕರಾಗಿದ್ದ ಪಾಸ್ಕಿಯೇ, ಲ ಬುಲೇರ್, ಜೊತೆಗೆ ಅಕೋಕಾನ ಮನೆಯವರನ್ನು ಹುಡುಕಿ ಮಾತಾಡಿಸಿ 2003ರಲ್ಲಿ ಪುಸ್ತಕ ತಂದರು. ಆ ಬ್ಯಾರಕ್ಕಿನಲ್ಲಿ ಹಿಡಿಸುತ್ತಿದ್ದದ್ದೇ ಕೆಲವು ನೂರು ಜನ. ಚೆಲ್ಲೋಗೆ ನಾಲ್ಕೂ ತಂತಿ ಇತ್ತು ಅಂತ ಪಾಸ್ಕಿಯೇ ಖಡಾಖಂಡಿತವಾಗಿ ಹೇಳಿದ, ಮೆಸಿಯಾನನಿಗೂ ಹೇಳಿ ಸಾಕಾಗಿತ್ತಂತೆ!

ನನಗೆ ಇದು ಸುಳ್ಳು ಅನ್ನುವುದಕ್ಕಿಂತ ಪೆಂಡಾಲಿನ ಆಸೆ ಅನ್ನಿಸುತ್ತದೆ. ದೊಡ್ಡ ಸಂಗತಿಗೆ ದೊಡ್ಡ ಜನಸಂದಣಿ ಬೇಕು ಅನ್ನುವ ಆಸೆ. ಆದರೆ ಮೂರು ತಂತಿಯ ಕತೆಯಲ್ಲಿ ಒಂದು ನಷ್ಟ ಇದೆ ನೋಡಿ. ಹೊಟ್ಟೆಗಿಲ್ಲದ ಕೈದಿಗಳು ದುಡ್ಡು ಕೂಡಿಸಿ ಒಂದು ಪೂರ್ತಿ ಚೆಲ್ಲೋ ತಂದರು ಅನ್ನುವ ಸಂಗತಿಯನ್ನೇ ಅದು ಮರೆಮಾಡುತ್ತದೆ. 65 ಮಾರ್ಕಿನ ಕತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮುಂದೇನಾಯಿತು? ಬ್ರೂಲ್ ಆಲೂಗಡ್ಡೆ ಕೊರೆದು ಮಾಡಿದ ಮೊಹರು ಒತ್ತಿ ಖೋಟಾ ಕಾಗದಪತ್ರ ತಯಾರಿಸಿದನಂತೆ. ಮೆಸಿಯಾನ್, ಪಾಸ್ಕಿಯೇ 1941ರ ಮೊದಲ ತಿಂಗಳುಗಳಲ್ಲೇ ಊರಿಗೆ ಹೊರಟರು. ಜೊತೆಗೆ ಹೊರಟಿದ್ದ ಅಕೋಕಾನನ್ನು ಯೆಹೂದಿ ಅಂತ ಜರ್ಮನ್ ಅಧಿಕಾರಿಯೊಬ್ಬ ಕೆಳಗಿಳಿಸಿದ. ನಂತರ ಅವನನ್ನು ಬ್ರಿಟನಿಯ ಇನ್ನೊಂದು ಶಿಬಿರಕ್ಕೆ ಸಾಗಿಸಿದರು. ಅಲ್ಲಿಂದ ಮತ್ತೆಲ್ಲಿಗೋ ಒಯ್ಯುವಾಗ, ಏಪ್ರಿಲ್‌ನಲ್ಲಿ, ಕ್ಲಾರಿನೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ರೈಲಿನಿಂದ ಹಾರಿದ. ಬದುಕಿದ. ಗಡಿ ದಾಟಿ ಮಾರ್ಸೇಲಿನಲ್ಲಿದ್ದ ತನ್ನ ಆರ್ಕೆಸ್ಟ್ರಾ ಸೇರಿಕೊಂಡ. ಲ ಬುಲೇರ್ ಬಿಡುಗಡೆಯ ನಂತರ ವಯಲಿನ್ ಬಿಟ್ಟು ಜಾನ್ ಲಾನಿಯೇ ಅನ್ನುವ ಹೆಸರಿನಲ್ಲಿ ನಟನಾದ.

ಮೆಸಿಯಾನ್ 1941ರಲ್ಲೇ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಮೇಷ್ಟ್ರಾದ. ಆಂದ್ರೆ ಬ್ಲೋಕ್ ಅವರು ಯೆಹೂದಿ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡು ತೆರವಾಗಿದ್ದ ತರಗತಿ ಅವನಿಗೆ ಬಂತು. ಕೆಲಸ ಬೇಕಿದ್ದ ಮನುಷ್ಯ, ಬಂದದ್ದನ್ನು ಹಿಡಿದ ಅನ್ನಬಹುದು. ಆದರೂ ಅಕೋಕಾನನ್ನು ಕೆಳಗಿಳಿಸಿದ ಸಂಗತಿಯ ಪಕ್ಕದಲ್ಲಿಟ್ಟು ಓದಿದರೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನು ಬ್ರೂಲ್: ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಪ್ಯಾರಿಸ್ಸಿಗೆ ಬಂದು ಮೆಸಿಯಾನನ ಮನೆ ಬಾಗಿಲಿಗೆ ಹೋದ. ಅವರು ನಿಮ್ಮನ್ನು ನೋಡುವುದಿಲ್ಲವಂತೆ ಅನ್ನುವ ಉತ್ತರ ಬಾಗಿಲಲ್ಲೇ ಸಿಕ್ಕಿತು. ನಂತರ ಮೆಸಿಯಾನ್ ತಾನೇ ಹುಡುಕಿಸುವ ಹೊತ್ತಿಗೆ ಬ್ರೂಲ್ ಕಾರಿಗೆ ಸಿಕ್ಕಿ ತೀರಿಹೋಗಿದ್ದ.

ಶಿಬಿರದ ಜಾಗ ಪೋಲೆಂಡಿಗೆ ಸೇರಿತು. ಬ್ಯಾರಕ್ಕುಗಳನ್ನು ಕಿತ್ತುಹಾಕಿದರು. ಕಾಡು ಬೆಳೆಯಿತು. 1976ರಲ್ಲಿ ಒಂದು ಸ್ಮಾರಕ ಎದ್ದಿತು, ಅಷ್ಟೇ. 2000ದ ದಶಕದಲ್ಲಿ ಆಲ್ಬ್ರೆಕ್ಟ್ ಗೋಟ್ಸೆ ಎಂಬ ಜರ್ಮನ್ ಕಲಾವಿದ ಪಟ್ಟು ಹಿಡಿದು 'ಮೀಟಿಂಗ್‌ಪಾಯಿಂಟ್ ಮ್ಯೂಸಿಕ್ ಮೆಸಿಯಾನ್' ಎಂಬ ಸಂಘ ಕಟ್ಟಿದ. ಅದೇ ಜಾಗದಲ್ಲಿ, ಜನವರಿ 15ರಂದೇ ಅದೇ ಕೃತಿಯನ್ನು ನುಡಿಸಬೇಕು ಅನ್ನುವುದು ಅವನ ಹಟ. 2015ರಲ್ಲಿ ಅಲ್ಲಿ ಒಂದು ಸ್ಮೃತಿ ಮತ್ತು ಸಂಸ್ಕೃತಿ ಕೇಂದ್ರದ ಕಟ್ಟಡವೂ ತೆರೆಯಿತು. ಉತ್ಸವಕ್ಕೆ ಬಂದವರು ಕಛೇರಿಯ ಜೊತೆಗೆ ಶಿಬಿರದ ನೆಲವನ್ನೂ ನೋಡಬಹುದು, ಸೋವಿಯತ್ ಕೈದಿಗಳ ವಿಷಯವೂ ಅಲ್ಲಿದೆ. ಫ್ರೆಂಚ್ ಸಂಗೀತ, ಜರ್ಮನ್ ಹಟ, ಪೋಲಿಷ್ ನೆಲ.

ಕೇಳಬೇಕೆನ್ನಿಸಿದರೆ ಮೊದಲ ಭಾಗದಿಂದ ಶುರುಮಾಡಬೇಡಿ, ಮೂರನೆಯದಕ್ಕೆ ಹೋಗಿ, ಒಂಟಿ ಕ್ಲಾರಿನೆಟ್. ಏನೂ ಇಲ್ಲದಲ್ಲಿಂದ ಒಂದೇ ಸ್ವರ ನಿಧಾನಕ್ಕೆ ಎದ್ದು ಕೋಣೆ ತುಂಬುವ ಜಾಗ ಒಂದಿದೆ, ಹೆಡ್‌ಫೋನಿನ ವಾಲ್ಯೂಮ್ ಮೊದಲೇ ಏರಿಸಿಡಬೇಡಿ. ಮೆಸಿಯಾನ್, ಪಾಸ್ಕಿಯೇ ಇಬ್ಬರೂ ನುಡಿಸಿರುವ 1956ರ ಒಂದು ರೆಕಾರ್ಡಿಂಗ್ ಇದೆ. ಅದರಲ್ಲಿ ಕ್ಲಾರಿನೆಟ್ ಮಾತ್ರ ಅಕೋಕಾನದಲ್ಲ, ಆಂದ್ರೆ ವಾಸೆಲಿಯೇ ಎಂಬವನದು.