ಗಾಳಿಸುದ್ದಿ, ಅಂತರ್ಜಾಲ ಮತ್ತು ಪ್ರಭುತ್ವ

ಗಾಳಿಸುದ್ದಿಯನ್ನು ಜಾನಪದ ವಿದ್ವಾಂಸರು ಮೌಖಿಕ ಪರಂಪರೆಯ ಒಂದು ಪ್ರಕಾರವೆಂದೇ ಪರಿಗಣಿಸಿದ್ದಾರೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡದ್ದು ಇದಕ್ಕೆ ಸುಪರಿಚಿತ ನಿದರ್ಶನ. ಸುದ್ದಿ ಬಾಯಿಂದ ಬಾಯಿಗೆ ದಾಟುವಾಗ ‘ಯಾರು ಹೇಳಿದರು?’ ಎಂದು ಕೇಳುವ ಅವಕಾಶವಿರುತ್ತದೆ. ಹೇಳಿದವರ ಮುಖ ಕೇಳುಗರ ಎದುರಿಗಿರುತ್ತದೆ. ಮೊಬೈಲ್ ಮತ್ತು ಅಂತರ್ಜಾಲಗಳು ಈ ಮುಖವನ್ನು ಮರೆಮಾಡಿದವು. ಇಂತಹ ಸುದ್ದಿಯ ನಿಯಂತ್ರಣದಲ್ಲಿ ಸರ್ಕಾರದ ಪಾತ್ರ ಹೇಗಿರಬೇಕೆಂಬುದನ್ನು 2012ರ ಬೆಂಗಳೂರಿನ ಘಟನೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ವರ್ಷದ ಜುಲೈನಲ್ಲಿ ಅಸ್ಸಾಮಿನ ಕೊಕ್ರಜಾರ್ ಪ್ರದೇಶದಲ್ಲಿ ಹಿಂಸಾಚಾರ ನಡೆಯಿತು. ಅದಕ್ಕೆ ಪ್ರತೀಕಾರವಾಗಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆಯೆಂಬ ವದಂತಿ ಬೆಂಗಳೂರಿನಲ್ಲಿ ಹಬ್ಬಿತು. ಆಗಸ್ಟ್ 15ರಿಂದ ಸಾವಿರಾರು ಜನ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರವು ಸಗಟು ಎಸ್‌ಎಂಎಸ್‌ಗಳನ್ನು 15 ದಿನ ನಿಷೇಧಿಸಿತು. ಅಂತರ್ಜಾಲದ 300ಕ್ಕೂ ಹೆಚ್ಚು ಪುಟ, ಚಿತ್ರ, ಖಾತೆಗಳನ್ನು ನಿರ್ಬಂಧಿಸಿತು. ವದಂತಿಯು ಸುಳ್ಳೆಂದು ತೋರಿಸಿದ ಬರಹಗಳೂ ಅವುಗಳಲ್ಲಿದ್ದವು. ರೋಗದ ಜೊತೆಗೆ ಮದ್ದನ್ನೂ ತಡೆದಂತಾಯಿತು.

ಅಪಾಯವು ಕಾಲ್ಪನಿಕವಾದುದಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುದ್ದಿ ಹಬ್ಬಿದಾಗ ಬೆಂಗಳೂರು ಹಾಗೂ ಬೀದರ್ ಜಿಲ್ಲೆಯಲ್ಲಿ ನಿರಪರಾಧಿಗಳು ಗುಂಪಿನ ಹಲ್ಲೆಗೆ ಬಲಿಯಾದರು. ಆದ್ದರಿಂದ ಪ್ರಾಣರಕ್ಷಣೆಗಾಗಿ ತಾತ್ಕಾಲಿಕ ನಿರ್ಬಂಧ ವಿಧಿಸುವ ಅಧಿಕಾರ ಸರ್ಕಾರಕ್ಕೆ ಬೇಕು. ಆ ಅಧಿಕಾರ ಯಾರಿಗೆ ಉತ್ತರಿಸಬೇಕೆಂಬುದೇ ವಿಚಾರಾರ್ಹ ಪ್ರಶ್ನೆ.

ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಗೊಳಿಸಿತು. ಆದರೆ ನಿರ್ಬಂಧದ ಅಧಿಕಾರ ನೀಡುವ 69ಎ ಕಲಮನ್ನು ಎತ್ತಿಹಿಡಿಯಿತು. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕಾದುದರಿಂದ ಅವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆಂಬುದು ಅದರ ಒಂದು ಆಧಾರ. ಆದರೆ 2009ರ ನಿಯಮಾವಳಿಯ 16ನೆಯ ನಿಯಮವು ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ಕಾಣದ ಕಾರಣವನ್ನು ಬರಹಗಾರ ಪ್ರಶ್ನಿಸುವುದೆಂತು? ಅಂತರ್ಜಾಲ ಸ್ಥಗಿತದ ಆದೇಶಗಳನ್ನು ಪ್ರಕಟಿಸಬೇಕೆಂದು ಅದೇ ನ್ಯಾಯಾಲಯ 2020ರ ಜನವರಿಯಲ್ಲಿ ಕಾಶ್ಮೀರದ ಪ್ರಕರಣದಲ್ಲಿ ವಿಧಿಸಿದೆ. ಈ ತತ್ತ್ವ ಪುಟಗಳ ನಿರ್ಬಂಧಕ್ಕೂ ಅನ್ವಯವಾಗುವುದು ಅಗತ್ಯ.

ಸುಳ್ಳು ಸುದ್ದಿಯನ್ನು ಜನಸಮುದಾಯ ಪರೀಕ್ಷಿಸುವುದು ‘ಯಾರು ಹೇಳಿದರು, ಏಕೆ ಹೇಳಿದರು’ ಎಂಬ ಪ್ರಶ್ನೆಗಳಿಂದ. ಅದನ್ನು ತಡೆಯುವ ಸರ್ಕಾರದ ಆದೇಶವೂ ಇವೇ ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರಿಸುವಂತಿರಬೇಕು.