ಬೆಂಡು ತೆಗೆಯುವ ವಿದ್ಯೆ

ಹೊಳಲ್ಕೆರೆಯಂಥ ತಾಲ್ಲೂಕು ಕೇಂದ್ರದಲ್ಲಿ ಸೈಕಲ್ ಶಾಪ್ ಎಂದರೆ ಒಂದು ಕಾಲಕ್ಕೆ ಗಂಟೆ ಲೆಕ್ಕದ ಬಾಡಿಗೆ, ಪಂಕ್ಚರ್, ಓವರಾಯ್ಲಿಂಗ್, ಬೆಂಡು ತೆಗೆಯುವುದು. ಪಂಕ್ಚರ್ ಹಾಕುವ ಹುಡುಗನ ಕೈಗೆ, ಕಡ್ಡಿ ತುದಿಯ ನಿಪ್ಪಲ್ ತಿರುಗಿಸಿ ಬಿಗಿಯುವ ನಿಪ್ಪಲ್ ಕೀ ಅಷ್ಟು ಬೇಗ ಸಿಗುತ್ತಿರಲಿಲ್ಲ. ಒಳಪೆಡ್ಲು ಕಲಿಯುವವರು ಬೀಳಿಸಿ ತಂದ ಚಕ್ರವನ್ನು ನೆಟ್ಟಗೆ ಮಾಡಬಹುದು, ಅದು ನೆಟ್ಟಗೇ ಉಳಿಯಬೇಕೆಂದರೆ ಮಾತ್ರ ಪಳಗಿದ ಕೈ ಬೇಕು. ಈ ವಿದ್ಯೆ ಬೆಳೆದದ್ದೂ ಆ ಎರಡನೆಯದರ ಹುಡುಕಾಟದಲ್ಲೇ.

ಎತ್ತಿನ ಗಾಡಿಯ ಗಾಲಿಯಲ್ಲಿ ಭಾರ ಹೊರುವುದು ಗಟ್ಟಿ ಮರದ ಕಾಲುಗಳು. ಸೈಕಲ್ಲಿನ ತಂತಿಕಡ್ಡಿಗೆ ಹಾಗೆ ನಿಂತು ಹೊರುವ ತ್ರಾಣವಿಲ್ಲ, ಎಳೆದು ಬಿಗಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಜಾರ್ಜ್ ಕೇಲಿ 1808ರಲ್ಲೇ ಹೀಗೆ ಬಿಗಿದ ಚಕ್ರವನ್ನು ಕಲ್ಪಿಸಿದ್ದ. ಪ್ಯಾರಿಸ್ಸಿನ ಯೂಜೀನ್ ಮೇಯೆ 1869ರಲ್ಲಿ ತಂತಿಚಕ್ರಕ್ಕೆ ಪೇಟೆಂಟ್ ಪಡೆದ. ಮರುವರ್ಷ ಕೊವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್ಮನ್ ಪೇಟೆಂಟ್ ಮಾಡಿದ ಏರಿಯಲ್ ಸೈಕಲ್ಲಿನಲ್ಲಿ ಕಡ್ಡಿಗಳೆಲ್ಲ ಹಬ್ಬಿನಿಂದ ನೇರವಾಗಿ ಹೊರಟು ರಿಮ್ಮಿಗೆ ಸೇರುತ್ತಿದ್ದವು. ಪೆಡಲ್ ತುಳಿದರೆ ಹಬ್ಬು ತಿರುಗುತ್ತಿತ್ತು, ರಿಮ್ಮು ತುಸು ಹಿಂದೆ ಉಳಿಯುತ್ತಿತ್ತು. 1874ರಲ್ಲಿ ಸ್ಟಾರ್ಲಿ ಕಡ್ಡಿಗಳನ್ನು ಓರೆಯಾಗಿ, ಒಂದರ ಮೇಲೊಂದು ಹಾಯುವಂತೆ ಕಟ್ಟಿದ. ಇವತ್ತಿಗೂ ನಮ್ಮ ಸೈಕಲ್ಲುಗಳಲ್ಲಿರುವುದು ಅದೇ ಹೆಣಿಗೆ.

ಭಾರತದಲ್ಲಿ ಸ್ವಾತಂತ್ರ್ಯಾನಂತರ ಮದ್ರಾಸಿನ ಟಿ.ಐ. ಸೈಕಲ್ಸ್, ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಬಂದವು. ಬ್ರಿಟಿಷರ ಲೆಕ್ಕ ಮಾತ್ರ ಹಾಗೇ ಉಳಿಯಿತು: 28 ಇಂಚಿನ ಚಕ್ರ, ಮುಂದೆ 32 ಕಡ್ಡಿ, ಹಿಂದೆ 40. ಅಡಿಕೆ ಮೂಟೆ, ಹಾಲಿನ ಕ್ಯಾನು, ಮೇಲೊಬ್ಬ ಮನುಷ್ಯ ಎಲ್ಲ ಹಿಂದಿನ ಚಕ್ರದ ಮೇಲೇ ಕೂರುವ ಊರುಗಳಲ್ಲಿ ಇದಕ್ಕಿಂತ ಒಳ್ಳೆಯ ಲೆಕ್ಕವಿಲ್ಲ ಎಂದೇ ನನ್ನ ಅಭಿಪ್ರಾಯ. 1990ರ ದಶಕದಲ್ಲಿ ದಪ್ಪ ಟೈರಿನ 26 ಇಂಚಿನ ಸೈಕಲ್ಲುಗಳು ಹರಡಿದಾಗ ಎರಡೂ ಕಡೆ 36 ಆಯಿತು.

ಮನೆಯಲ್ಲಿ ಬೆಂಡು ತೆಗೆಯಲು ಸ್ಟ್ಯಾಂಡು ಬೇಕಿಲ್ಲ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಫೋರ್ಕಿಗೆ ಕೈ ಆನಿಸಿ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿದರೆ ರಿಮ್ಮು ವಾಲಿದ ಕಡೆ ಗೆರೆ ಬೀಳುತ್ತದೆ. ಬಲಕ್ಕೆ ವಾಲಿದ್ದರೆ ಅಲ್ಲಿನ ಎಡಗಡ್ಡಿಗಳನ್ನು ಕಾಲು ಸುತ್ತು ಬಿಗಿದು, ಬಲದವನ್ನು ಅಷ್ಟೇ ಸಡಿಲಿಸಬೇಕು. ರಿಮ್ಮು ಉಬ್ಬಿ ಚಕ್ರ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಉಬ್ಬಿದ ಜಾಗದಲ್ಲಿ ಎರಡೂ ಕಡೆ ಬಿಗಿ. ಆಮೇಲೆ ಮುಂದಿನ ಚಕ್ರವನ್ನು ಬಿಚ್ಚಿ ಎಡಬಲ ಅದಲುಬದಲು ಹಾಕಿ ನೋಡಬೇಕು. ರಿಮ್ಮು ಮೊದಲಿನ ಜಾಗದಲ್ಲೇ ನಿಂತರೆ ಸೆಂಟರ್ ಸರಿಯಿದೆ. ರಿಮ್ಮಿನೊಳಗೆ ಹೊರಚಾಚಿದ ಕಡ್ಡಿ ತುದಿಗಳನ್ನು ಅರದಿಂದ ಉಜ್ಜದಿದ್ದರೆ ಟ್ಯೂಬು ಒಳಗಿನಿಂದಲೇ ಪಂಕ್ಚರ್.

ಇಷ್ಟಾದರೆ ಚಕ್ರ ನೆಟ್ಟಗಾಯಿತು, ಗಟ್ಟಿಯಾಯಿತು ಎನ್ನುವಂತಿಲ್ಲ. ಹಳೆಯ ಮೇಸ್ತ್ರಿಗಳು ಕೀಯಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ, ತಂಬೂರಿ ಶ್ರುತಿ ಮಾಡುವವರ ಹಾಗೆ ಕಿವಿಗೊಡುತ್ತಿದ್ದರು. ಒಂದೇ ಬದಿಯ ಕಡ್ಡಿಗಳೆಲ್ಲ ಒಂದೇ ಸ್ವರ ಕೊಡಬೇಕು. ಇದರ ಹಿಂದಿನ ಕಾರಣವನ್ನು ಬಿಡಿಸಿ ಹೇಳಿದವನು ಅಮೆರಿಕದ ಎಂಜಿನಿಯರ್ ಜೋಬ್ಸ್ಟ್ ಬ್ರ್ಯಾಂಟ್, 1981ರ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ. ಚಕ್ರ ಉರುಳುವಾಗ ಕೆಳಗೆ ಬಂದ ಕಡ್ಡಿಗಳ ಬಿಗಿ ತಗ್ಗುತ್ತದೆ, ಮೇಲೆ ಹೋದಾಗ ಮರಳುತ್ತದೆ. ಮೊದಲೇ ಬಿಗಿ ಸಾಲದಿದ್ದರೆ ನಿಪ್ಪಲ್ ಬಿಚ್ಚಿಕೊಳ್ಳುತ್ತದೆ. ಅಕ್ಕಪಕ್ಕದ ಕಡ್ಡಿಗಳನ್ನು ಜೋಡಿಜೋಡಿಯಾಗಿ ಮುಷ್ಟಿಯಲ್ಲಿ ಹಿಂಡಬೇಕೆಂದೂ ಅವನು ಹೇಳಿದ. ಹಿಂಡಿದ ಮೇಲೆ ಮತ್ತೊಮ್ಮೆ ಸೀಮೆಸುಣ್ಣ ಹಿಡಿಯಬೇಕು.

ರಾಜ್ಯ ಸರ್ಕಾರ 2006-07ರಲ್ಲಿ ಶಾಲಾಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿದಾಗ ಹಳ್ಳಿಹಳ್ಳಿಗೂ ಹೊಸ ಚಕ್ರಗಳು ಬಂದವು. ಹೊಸ ಚಕ್ರ ಕೆಲ ವಾರ ಓಡಿದ ಮೇಲೆ ಕಡ್ಡಿಗಳು ಕೂತುಕೊಂಡು ಸಡಿಲವಾಗುತ್ತವೆ, ಆಗೊಮ್ಮೆ ಬಿಗಿಸಬೇಕು. ಸೈಕಲ್ ಜೊತೆ ಒಂದು ನಿಪ್ಪಲ್ ಕೀಯನ್ನೂ ಕೊಡಬಹುದಿತ್ತು! ಈಗ ಬೈಕು ಬಂದು ಸೈಕಲ್ ಶಾಪುಗಳು ಕಡಿಮೆಯಾಗಿವೆ. ಈ ಕೆಲಸ ಮನೆಯಲ್ಲೇ ಆಗಬೇಕಾದದ್ದು ಅದಕ್ಕೇ. ಕಲಿಯಲು ಗೇರ್ ಸೈಕಲ್ಲಿಗಿಂತ ಹಳೇ 28 ಇಂಚಿನದೇ ಮೇಲು. ಅದರಲ್ಲೂ ಮುಂದಿನ ಚಕ್ರದಿಂದ ಶುರು ಮಾಡಬೇಕು: ಅಲ್ಲಿ ಫ್ರೀವೀಲ್ ಇಲ್ಲ, ಎಡಬಲ ಎರಡಕ್ಕೂ ಒಂದೇ ಬಿಗಿ.